ಲ್ಯಾವೆಂಡರ್ ಎಣ್ಣೆ ತಗೊಳ್ಳೋ ಮುಂಚೆ ಲೇಬಲ್ ನೋಡಿ

‘ಲ್ಯಾವೆಂಡರ್ ಎಣ್ಣೆ’ ಅಂತ ಮಾರೋ ಬಾಟಲಿಗಳೆಲ್ಲ ಒಂದೇ ಅಲ್ಲ. ಲೇಬಲ್‌ನಲ್ಲಿ ‘ಲ್ಯಾಟಿಫೋಲಿಯಾ’ ಅಥವಾ ‘ಸ್ಪೈಕ್’ ಅಂತಿದ್ದರೆ ಅದು ಸ್ಪೇನ್, ದಕ್ಷಿಣ ಫ್ರಾನ್ಸ್ ಕಡೆಯ ಅಗಲ ಎಲೆಯ ಜಾತಿ. ಇದರಲ್ಲಿ ಕರ್ಪೂರದ ಅಂಶ ಜಾಸ್ತಿ, ನೀಲಗಿರಿ ಎಣ್ಣೆಯಲ್ಲಿರೋ ಸಿನಿಯೋಲ್ ಕೂಡ ಇದೆ. ಅದಕ್ಕೇ ವಾಸನೆ ಘಾಟು. ಸೋಪಿಗೆ ಹಾಕ್ತಾರೆ, ಯುರೋಪಿನ ಚಿತ್ರಕಲಾವಿದರು ಟರ್ಪೆಂಟೈನ್ ಬದಲು ಇದರಲ್ಲೇ ಬಣ್ಣ ತೆಳು ಮಾಡ್ತಿದ್ದರು.

ಹಿತವಾದ ಪರಿಮಳ ಬೇಕಂದ್ರೆ ‘ಅಂಗುಸ್ಟಿಫೋಲಿಯಾ’ ಜಾತಿಯದ್ದು ಕೇಳಿ. ಜಮ್ಮುವಿನ ಭದೇರ್ವಾದಲ್ಲಿ ಮೆಕ್ಕೆಜೋಳ ಬಿಟ್ಟ ರೈತರು ಬೆಳೀತಿರೋದು ಇದನ್ನೇ.

ಶೀತ ಅಂತ ಸ್ಪೈಕ್ ಎಣ್ಣೆಯನ್ನು ಎಳೆಮಕ್ಕಳ ಮೂಗಿನ ಹತ್ತಿರ ಹಚ್ಚಬೇಡಿ, ಉಸಿರಾಟಕ್ಕೆ ತೊಂದರೆ ಆಗಬಹುದು. ಕರ್ಪೂರದ ಅಂಶ ಹೊಟ್ಟೆಗೆ ಹೋದರೆ ಫಿಟ್ಸ್ ಕೂಡ ಬರಬಹುದು. ಅಂಗಡಿಯವರೂ ಕೊಡುವಾಗ ಇದನ್ನೊಂದು ಹೇಳಿಯೇ ಕೊಡಬೇಕು.