ಮನೆಯೊಳಗೊಂದು ಪ್ರಸಾರ ನಿಲಯ



1935ನೆಯ ಇಸವಿ ಸೆಪ್ಟೆಂಬರ್ 10ನೆಯ ತಾರೀಖು, ಮೈಸೂರಿನ ಒಂಟಿಕೊಪ್ಪಲಿನಲ್ಲಿದ್ದ 'ವಿಠ್ಠಲ ವಿಹಾರ'ವೆಂಬ ತಮ್ಮ ವಾಸದ ಮನೆಯಿಂದ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು 30 ವಾಟ್ ಶಕ್ತಿಯ ಒಂದು ಸಣ್ಣ ಯಂತ್ರದ ಮೂಲಕ ಪ್ರಸಾರವನ್ನಾರಂಭಿಸಿದರೆಂಬುದನ್ನು ನಮ್ಮ ನಾಡಿನವರು ಈಗಲೂ ಅಭಿಮಾನದಿಂದ ನೆನೆಯುತ್ತಾರೆ. ಅವರು ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಅಧ್ಯಾಪಕರು; ಯಂತ್ರವಿದ್ಯೆಯು ಅವರ ಕಸುಬಲ್ಲ. ಆದರೂ ಗೃಹಸ್ಥನೊಬ್ಬನು ತನ್ನ ಮನೆಯಿಂದಲೇ ಆಕಾಶಕ್ಕೆ ಮಾತನ್ನು ಬಿಡಬಲ್ಲನೆಂಬುದನ್ನು ಅವರು ತೋರಿಸಿಕೊಟ್ಟರು. ಅಂದು ಅದು ಸಾಹಸವೆನಿಸಿತ್ತು. ಇಂದು ಅಂಗೈಯಗಲದ ಒಂದು ಪೆಟ್ಟಿಗೆಯನ್ನು ಅಂಗಡಿಯಿಂದ ತಂದು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದರೆ, ಧ್ವನಿಯನ್ನು ಮಾತ್ರವಲ್ಲದೆ ಚಲಿಸುವ ಚಿತ್ರವನ್ನೂ ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ತಂತಿಯಿಲ್ಲದೆ ಕಳುಹಿಸಬಹುದಾಗಿದೆ. ಇಂತಹ ಪೆಟ್ಟಿಗೆಗಳ ಶಕ್ತಿ ಅನೇಕ ವೇಳೆ 10 ಮಿಲಿವಾಟ್ ಮಾತ್ರ. ಎಂದರೆ ವಿಠ್ಠಲ ವಿಹಾರದ ಯಂತ್ರದ ಮೂರು ಸಾವಿರದಲ್ಲಿ ಒಂದು ಪಾಲು. ಈ ಪುಟ್ಟ ಪ್ರಸಾರ ನಿಲಯವನ್ನು ಮನೆಯಲ್ಲಿ ನೆಲೆಗೊಳಿಸುವ ಬಗೆಯೇ ಈ ಭಾಷಣದ ವಿಷಯ.

ನನಗೆ ಇದರ ಅವಶ್ಯಕತೆ ಬಿದ್ದುದು ವಿನೋದಕ್ಕಾಗಿ ಅಲ್ಲ. ನಮ್ಮ ತಾಯಿಯವರು ಬಚ್ಚಲಿನಲ್ಲಿ ಜಾರಿ ಬಿದ್ದು, ಸೊಂಟದ ಮೂಳೆ ಮುರಿದು, ಹಿಂಭಾಗದ ಕೋಣೆಯಲ್ಲಿ ಹಾಸಿಗೆ ಹಿಡಿದರು. ಟೆಲಿವಿಷನ್ನೂ ಅದಕ್ಕೆ ಕಾರ್ಯಕ್ರಮವನ್ನೊದಗಿಸುವ ಸೆಟ್‌ಟಾಪ್ ಪೆಟ್ಟಿಗೆಯೂ ಇದ್ದುದು ಮುಂದಿನ ಹಜಾರದಲ್ಲಿ. ಸಂಜೆಯ ಸಂಗೀತ ಕಚೇರಿಯ ಧ್ವನಿ ಅವರ ಕಿವಿಗೆ ಅರ್ಧಂಬರ್ಧ ಬೀಳುವುದು; 'ಹಾಡುತ್ತಿರುವವರು ಯಾರಪ್ಪ?' ಎಂದು ಅವರು ಒಳಗಿನಿಂದ ಕೇಳುವರು. ನಾವು ಇಲ್ಲಿಂದ ಕೂಗಿ ಹೇಳುವೆವು. ಹಳೆಯ ಚಿಕ್ಕ ಟೆಲಿವಿಷನ್ನೊಂದು ಅಟ್ಟದ ಮೇಲಿತ್ತು. ಅದನ್ನು ಇಳಿಸಿ ಅವರ ಕೋಣೆಯಲ್ಲಿರಿಸುವುದು ಸುಲಭ. ಆದರೆ ಅಲ್ಲಿಯವರೆಗೆ ತಂತಿಯೆಳೆಯಬೇಕಾದರೆ ಒಂದೂವರೆ ಅಡಿ ದಪ್ಪದ ಎರಡು ಮಣ್ಣಿನ ಗೋಡೆಗಳನ್ನು ಕೊರೆಯಬೇಕು. ಹಳೆಯ ಮನೆಯ ಗೋಡೆಗೆ ಉಳಿ ತಾಗಿಸಿದರೆ ಎಷ್ಟು ಉದುರೀತೆಂಬುದು ಅಂತಹ ಮನೆಯಲ್ಲಿರುವವರಿಗೆ ಗೊತ್ತು. ಹೀಗಾಗಿ ನಿಸ್ತಂತು ಪ್ರೇಷಕವನ್ನು ತಂದದ್ದಾಯಿತು.

ಈ ಯಂತ್ರದಲ್ಲಿ ಎರಡು ಪೆಟ್ಟಿಗೆಗಳಿರುತ್ತವೆ. ಒಂದು ಪ್ರೇಷಕ, ಅದು ಸೆಟ್‌ಟಾಪ್ ಪೆಟ್ಟಿಗೆಯ ಪಕ್ಕದಲ್ಲಿರತಕ್ಕದ್ದು. ಇನ್ನೊಂದು ಗ್ರಾಹಕ, ಅದು ದೂರದ ಟೆಲಿವಿಷನ್ನಿನ ಬಳಿ ಇರತಕ್ಕದ್ದು. ಹಳೆಯ ಮಾದರಿಯ ಪ್ರೇಷಕಕ್ಕೆ ಮೂರು ತಂತಿಗಳು ಬರುತ್ತವೆ. ಹಳದಿಯದು ಚಿತ್ರಕ್ಕೆ, ಬಿಳಿಯದು ಎಡಗಡೆಯ ಧ್ವನಿಗೆ, ಕೆಂಪಿನದು ಬಲಗಡೆಯ ಧ್ವನಿಗೆ. ಪ್ರೇಷಕವು ಈ ಸಂಕೇತಗಳನ್ನು ಒಂದು ಅಲೆಯ ಮೇಲೇರಿಸಿ ಬಿಡುತ್ತದೆ. ಗ್ರಾಹಕವು ಅಲೆಯಿಂದ ಅವುಗಳನ್ನಿಳಿಸಿ ಪುನಃ ಮೂರು ತಂತಿಗಳಿಗೆ ಹಂಚುತ್ತದೆ. ಹೆಚ್ಚಿನ ಯಂತ್ರಗಳ ಅಲೆ ಸೆಕೆಂಡಿಗೆ 240 ಕೋಟಿ ಸಲ ಕಂಪಿಸುತ್ತದೆ, ಇದನ್ನೇ 2.4 ಗಿಗಾಹರ್ಟ್ಸ್ ಎನ್ನುವುದು. ಅಂತಹ ಅಲೆಯ ಉದ್ದ ಸುಮಾರು 12 ಸೆಂಟಿಮೀಟರು, ಎಂದರೆ ಅರ್ಧ ಗೇಣು. ಬೇರೆ ಕೆಲವು ಯಂತ್ರಗಳು 5.8 ಗಿಗಾಹರ್ಟ್ಸಿನಲ್ಲಿ ಕೆಲಸ ಮಾಡುತ್ತವೆ; ಅವುಗಳ ಅಲೆ ಮೂರು ಬೆರಳಿನಗಲಕ್ಕಿಂತ ಹೆಚ್ಚಿಲ್ಲ. ಈ ಅಳತೆಗಳನ್ನು ಜ್ಞಾಪಕದಲ್ಲಿಡಿ. ಮುಂದೆ ಬರುವ ತೊಂದರೆಗಳಿಗೂ ಪರಿಹಾರಗಳಿಗೂ ಇವೇ ಮೂಲ.

ಜೋಡಿಸುವ ಕ್ರಮ ಸರಳವಾದುದು. ಮೊದಲು ಎರಡು ಪೆಟ್ಟಿಗೆಗಳನ್ನೂ ಒಂದೇ ಕೋಣೆಯಲ್ಲಿ, ನಾಲ್ಕಾರು ಅಡಿಗಳ ಅಂತರದಲ್ಲಿರಿಸಿ ಪರೀಕ್ಷಿಸಬೇಕು. ಸೆಟ್‌ಟಾಪ್ ಪೆಟ್ಟಿಗೆಯ ಹಿಂಭಾಗದಲ್ಲಿ ಸಂಕೇತವು 'ಹೊರಹೋಗುವ' ರಂಧ್ರಗಳಿಂದ ಪ್ರೇಷಕದ 'ಒಳಬರುವ' ರಂಧ್ರಗಳಿಗೆ ಬಣ್ಣಕ್ಕೆ ಬಣ್ಣ ಹೊಂದಿಸಿ ತಂತಿ ಹಾಕಬೇಕು. ಗ್ರಾಹಕದಿಂದ ಟೆಲಿವಿಷನ್ನಿಗೂ ಹಾಗೆಯೇ. ಎರಡಕ್ಕೂ ಅವುಗಳೊಂದಿಗೆ ಬಂದ ಅಡಾಪ್ಟರುಗಳನ್ನೇ ಉಪಯೋಗಿಸತಕ್ಕದ್ದು. ನೋಡುವುದಕ್ಕೆ ಒಂದೇ ತೆರನಾದ ಇನ್ನೊಂದನ್ನು ಸಿಕ್ಕಿಸಿದರೆ ವೋಲ್ಟೇಜು ಹೆಚ್ಚಾಗಿ ಯಂತ್ರ ಸುಟ್ಟುಹೋಗಬಹುದು. ಎರಡು ಪೆಟ್ಟಿಗೆಗಳ ಮೇಲೂ ಒಂದು, ಎರಡು, ಮೂರು, ನಾಲ್ಕು ಎಂಬ ಗುರುತಿನ ಗುಂಡಿ ಇರುವುದು ವಾಡಿಕೆ. ಇವು ಪ್ರೇಷಕದ ಚಾನೆಲುಗಳು. ಟೆಲಿವಿಷನ್ನಿನ ಚಾನೆಲುಗಳೊಡನೆ ಗೊಂದಲವಾಗದಿರಲೆಂದು ನಾನು ಇವನ್ನು 'ಹಾದಿ'ಗಳೆನ್ನುತ್ತೇನೆ. ಎರಡು ಪೆಟ್ಟಿಗೆಗಳೂ ಒಂದೇ ಹಾದಿಯಲ್ಲಿರಬೇಕು. ಕಡೆಯದಾಗಿ, ಟೆಲಿವಿಷನ್ನಿಗೆ ಚಿತ್ರ ಯಾವ ರಂಧ್ರದಿಂದ ಬರುತ್ತಿದೆಯೆಂಬುದನ್ನು ಅದರ ರಿಮೋಟಿನಿಂದ ತಿಳಿಸಬೇಕು. ಇಷ್ಟಾದರೆ ಚಿತ್ರ ಮೂಡುತ್ತದೆ. ಇಲ್ಲಿ ಮೂಡದಿದ್ದರೆ ತಪ್ಪು ತಂತಿಯಲ್ಲಿದೆ, ಗೋಡೆಯಲ್ಲಿಲ್ಲವೆಂದು ತಿಳಿಯಬಹುದು. ಅನಂತರ ಗ್ರಾಹಕವನ್ನು ದೂರದ ಕೋಣೆಗೆ ಒಯ್ಯಿರಿ.

ನಿಜವಾದ ಪರೀಕ್ಷೆ ಅಲ್ಲಿಂದ ಮೊದಲಾಗುತ್ತದೆ. ಬಯಲಿನಲ್ಲಿ ದೂರ ಇಮ್ಮಡಿಯಾದರೆ ತಲಪುವ ಶಕ್ತಿ ಕಾಲುಭಾಗಕ್ಕಿಳಿಯುವುದು. ಮನೆಯೊಳಗೆ ಗೋಡೆಗಳ ಸುಂಕ ಬೇರೆ. ಪೆಟ್ಟಿಗೆಯ ಮೇಲೆ '100 ಮೀಟರು' ಎಂದು ಅಚ್ಚಾಗಿದ್ದರೆ ಅದು ಬಯಲಿನ ಮಾತು. ಮನೆಯೊಳಗೆ ಅದರ ಮೂರನೆಯ ಒಂದು ಪಾಲು ದೊರೆತರೆ ಭಾಗ್ಯವೆನ್ನಬೇಕು. ಒಣಗಿದ ಮರ, ಗಾಜು, ತೆಳುವಾದ ಇಟ್ಟಿಗೆ ಗೋಡೆ ಇವು ಅಲೆಗೆ ದಾರಿ ಬಿಡುತ್ತವೆ. ದಪ್ಪವಾದ ಮಣ್ಣು ಅಥವಾ ಕಲ್ಲಿನ ಗೋಡೆ, ಅದರಲ್ಲಿಯೂ ಮಳೆಗಾಲದಲ್ಲಿ ತೇವ ಕುಡಿದದ್ದು, ಅಲೆಯನ್ನು ಹೀರುತ್ತದೆ. ಕಬ್ಬಿಣದ ಬೀರು, ದೊಡ್ಡ ನಿಲುವುಗನ್ನಡಿ, ಕಾಂಕ್ರೀಟಿನೊಳಗಿನ ಸರಳುಗಳು ಅಲೆಯನ್ನು ಹಿಂದಕ್ಕೆ ಅಟ್ಟುತ್ತವೆ. ನಮ್ಮ ದೇಹವೂ ಬಹುಮಟ್ಟಿಗೆ ನೀರೇ ಆದುದರಿಂದ ನಾವು ನಡುವೆ ನಿಂತರೂ ಚಿತ್ರ ನಡುಗಬಹುದು. ನಮ್ಮ ಮನೆಯಲ್ಲಿ ಮೊದಲ ದಿನ ಬರಿಯ ಹಿಮ ಸುರಿದಂತೆ ಬಿಳಿಯ ಚುಕ್ಕೆಗಳು ಕಾಣಿಸಿದುವು. ವಿಚಾರಿಸಿ ನೋಡಿದರೆ ಎರಡು ಪೆಟ್ಟಿಗೆಗಳಿಗೂ ನೇರವಾದ ನಡುವಿನಲ್ಲಿ ತಾಯಿಯವರ ಸೀರೆಯ ಬೀರು ನಿಂತಿತ್ತು. ಅದನ್ನು ಒಂದು ಮಾರು ಸರಿಸಿದ ಮೇಲೆ ಮುಖಗಳು ಕಂಡುವು.

ಇನ್ನೊಂದು ಸೂಕ್ಷ್ಮವಿದೆ. ಅಲೆಯು ನೇರವಾಗಿಯೂ ಬರುತ್ತದೆ, ಗೋಡೆಗೆ ತಾಗಿ ಮರಳಿಯೂ ಬರುತ್ತದೆ. ಈ ಎರಡೂ ಒಂದಕ್ಕೊಂದು ಎದುರಾಗಿ ಬಿದ್ದ ಸ್ಥಳದಲ್ಲಿ ಒಂದನ್ನೊಂದು ಅಳಿಸಿಹಾಕುತ್ತವೆ. ಕೂಡಿಬಿದ್ದ ಸ್ಥಳದಲ್ಲಿ ಬಲಗೊಳ್ಳುತ್ತವೆ. ಈ ಎರಡು ಸ್ಥಳಗಳ ಅಂತರ ಅಲೆಯ ಉದ್ದದ ಕಾಲುಭಾಗದಷ್ಟು ಮಾತ್ರವಿರಬಹುದು, 2.4 ಗಿಗಾಹರ್ಟ್ಸಿನಲ್ಲಿ ಅದು 3 ಸೆಂಟಿಮೀಟರು. ಆದುದರಿಂದ ಚಿತ್ರ ಕೆಟ್ಟರೆ ಗ್ರಾಹಕವನ್ನು ಮತ್ತೊಂದು ಮೂಲೆಗೆ ಹೊತ್ತುಕೊಂಡು ಹೋಗುವ ಮೊದಲು, ಎರಡು ಬೆರಳಿನಷ್ಟು ಅತ್ತಿತ್ತ ಸರಿಸಿ ನೋಡಿರಿ. ಕಡ್ಡಿಯಂತಹ ಏರಿಯಲ್ ಇದ್ದರೆ ಎರಡು ಪೆಟ್ಟಿಗೆಗಳವೂ ನೆಟ್ಟಗೆ ಒಂದೇ ಸಮನಾಗಿ ನಿಂತಿರಬೇಕು; ಕಡ್ಡಿಯ ತುದಿಯನ್ನು ಗುರಿಯಿಟ್ಟಂತೆ ತಿರುಗಿಸುವುದು ತಪ್ಪು, ಏಕೆಂದರೆ ತುದಿಯ ಕಡೆಗೆ ಅದು ಏನನ್ನೂ ಬೀರುವುದಿಲ್ಲ. ಹಲಗೆಯಂತಹ ಏರಿಯಲ್ ಆದರೆ ಮುಖಕ್ಕೆ ಮುಖ ತಿರುಗಿರಬೇಕು. ಎರಡು ಪೆಟ್ಟಿಗೆಗಳೂ ನೆಲದಿಂದ ಎದೆಯ ಮಟ್ಟಕ್ಕಾದರೂ ಮೇಲಿದ್ದರೆ ಒಳ್ಳೆಯದು.

ಗೋಡೆಯ ತೊಂದರೆ ಸ್ಥಿರವಾದುದು. ಆದರೆ ಬಂದುಹೋಗುವ ತೊಂದರೆಯೊಂದುಂಟು. ಅಡಿಗೆಮನೆಯ ಮೈಕ್ರೋವೇವ್ ಒಲೆಯೂ ಸುಮಾರು 2.45 ಗಿಗಾಹರ್ಟ್ಸಿನ ಅಲೆಯಿಂದಲೇ ಅನ್ನವನ್ನು ಬಿಸಿಮಾಡುತ್ತದೆ. ಅದರ ಬಾಗಿಲಿನ ಸಂದಿನಿಂದ ಸೋರುವ ಅತ್ಯಲ್ಪ ಭಾಗ ನಮ್ಮ ಶರೀರಕ್ಕೆ ಬಾಧಕವಲ್ಲದಿದ್ದರೂ ನಮ್ಮ 10 ಮಿಲಿವಾಟಿನ ಪ್ರೇಷಕವನ್ನು ಮುಳುಗಿಸಲು ಸಾಕು. ಸಾಧಾರಣ ಒಲೆಯು ಮನೆಯ ವಿದ್ಯುತ್ತಿನ ಓಟಕ್ಕೆ ತಕ್ಕಂತೆ ಸೆಕೆಂಡಿಗೆ 50 ಸಲ ಹೊತ್ತಿ ಆರುತ್ತದೆ. ನಮ್ಮ ದೇಶದ ಹಳೆಯ ಟೆಲಿವಿಷನ್ ಪದ್ಧತಿಯಲ್ಲಿ ಪರದೆಯನ್ನು ಗೀಚುವುದೂ ಸೆಕೆಂಡಿಗೆ 50 ಸಲ. ಆದುದರಿಂದ ಪರದೆಯ ಅರ್ಧದಷ್ಟು ಅಗಲದ ಕದಡಿದ ಪಟ್ಟಿಯೊಂದು ನಿಂತಂತೆಯೇ ನಿಂತು, ಮೆಲ್ಲನೆ ಮೇಲಕ್ಕೋ ಕೆಳಕ್ಕೋ ತೆವಳುವುದನ್ನು ಕಾಣಬಹುದು. ಅದನ್ನು ಕಂಡಾಗ ಯಂತ್ರವನ್ನು ಬಿಚ್ಚಬೇಡಿ. ಒಳಗೆ ಯಾರೋ ಹಾಲು ಬಿಸಿಮಾಡುತ್ತಿದ್ದಾರೆಂದು ತಿಳಿಯಿರಿ.

ವೈಫೈ ಎಂಬ ಮನೆಯ ಅಂತರ್ಜಾಲದ ಅಲೆಯೂ ಇದೇ ಬೀದಿಯ ನಿವಾಸಿ. ಅದು ಬಿಟ್ಟು ಬಿಟ್ಟು ಮಾತನಾಡುತ್ತದೆ. ನಮ್ಮ ಪ್ರೇಷಕವಾದರೋ ಉಸಿರು ಬಿಡದೆ ಮಾತನಾಡುತ್ತದೆ. ಸಭ್ಯನ ಪಕ್ಕದಲ್ಲಿ ವಾಚಾಳಿ ಕುಳಿತಂತಾಗಿ ವೈಫೈ ಬಾಯಿ ಮುಚ್ಚಿಕೊಳ್ಳುತ್ತದೆ. ಮಕ್ಕಳು 'ಅಜ್ಜಿ ಟಿವಿ ಹಾಕಿದರೆ ನಮ್ಮ ಪಾಠ ನಿಂತುಹೋಗುತ್ತದೆ' ಎಂದು ದೂರಿದರೆ ಅದು ಸುಳ್ಳಲ್ಲ. ಪರಿಹಾರ ಎರಡು: ಪ್ರೇಷಕದ ಹಾದಿಯನ್ನು ಬದಲಾಯಿಸುವುದು, ಅಥವಾ ವೈಫೈಯನ್ನು 5 ಗಿಗಾಹರ್ಟ್ಸಿನ ಪಟ್ಟಿಗೆ ಕಳುಹಿಸುವುದು. 5.8 ಗಿಗಾಹರ್ಟ್ಸಿನ ಪ್ರೇಷಕವನ್ನೇ ಕೊಂಡರೆ ಒಲೆಯ ಕಾಟ ತಪ್ಪುತ್ತದೆ. ಆದರೆ ಅಷ್ಟು ಚಿಕ್ಕ ಅಲೆ ದಪ್ಪ ಗೋಡೆಗಳನ್ನು ದಾಟುವುದು ಇನ್ನೂ ಕಷ್ಟ.

ರಿಮೋಟಿನ ವಿಷಯವೂ ಇದೆ. ರಿಮೋಟಿನಿಂದ ಹೊರಡುವುದು ಕಣ್ಣಿಗೆ ಕಾಣದ ಅವಕೆಂಪು ಬೆಳಕು. ಬೆಳಕು ಗೋಡೆಯನ್ನು ದಾಟದು. ಅದಕ್ಕಾಗಿ ಹಲವು ಗ್ರಾಹಕಗಳು ಆ ಬೆಳಕಿನ ಸಂಕೇತವನ್ನು ರೇಡಿಯೋ ಅಲೆಯನ್ನಾಗಿ ಮಾಡಿ ಹಜಾರಕ್ಕೆ ಹಿಂತಿರುಗಿಸುತ್ತವೆ. ಅಲ್ಲಿ ಪ್ರೇಷಕಕ್ಕೆ ತಗುಲಿದ ಸಣ್ಣ ದೀಪದ ಕಣ್ಣೊಂದು ಅದನ್ನು ಪುನಃ ಬೆಳಕಾಗಿಸಿ ಸೆಟ್‌ಟಾಪ್ ಪೆಟ್ಟಿಗೆಗೆ ತೋರಿಸುತ್ತದೆ. ಈ ಕಣ್ಣನ್ನು ಪೆಟ್ಟಿಗೆಯ ಮುಂಭಾಗದಲ್ಲಿ ಸರಿಯಾಗಿ ಅಂಟಿಸಬೇಕು. ಇದರಿಂದ ರೋಗಿಯು ಮಲಗಿದಲ್ಲಿಂದಲೇ ಕಾರ್ಯಕ್ರಮವನ್ನು ಬದಲಾಯಿಸಬಹುದು. ಆದರೆ ಒಂದು ಮಾತು: ಸೆಟ್‌ಟಾಪ್ ಪೆಟ್ಟಿಗೆ ಒಂದೇ ಆದುದರಿಂದ ಎರಡು ಪರದೆಗಳಲ್ಲೂ ಬರುವುದು ಒಂದೇ ಕಾರ್ಯಕ್ರಮ. ಹಜಾರದಲ್ಲಿ ಕ್ರಿಕೆಟ್ಟಿನ ಕೊನೆಯ ಓವರು ನಡೆಯುತ್ತಿರುವಾಗ ಒಳಗಿನಿಂದ ಹರಿಕಥೆ ಬಂದು ನಿಂತರೆ, ಅದಕ್ಕೆ ವಿಜ್ಞಾನದಲ್ಲಿ ಪರಿಹಾರವಿಲ್ಲ, ಮನೆಯವರು ಮಾತನಾಡಿಕೊಳ್ಳಬೇಕು.

ಎಚ್‌ಡಿಎಂಐ ಎಂಬ ಒಂದೇ ತಂತಿಯನ್ನುಪಯೋಗಿಸುವ ಹೊಸ ಮಾದರಿಯ ಪ್ರೇಷಕಗಳು ಚಿತ್ರವನ್ನು ಅಂಕಿಗಳನ್ನಾಗಿ ಮಾಡಿ ಕಳುಹಿಸುತ್ತವೆ. ಚಿತ್ರ ಸ್ವಚ್ಛ. ಆದರೆ ಹಲವು ಯಂತ್ರಗಳಲ್ಲಿ ಚಿತ್ರವನ್ನು ಅದುಮಿ ಬಿಚ್ಚುವ ಕೆಲಸಕ್ಕೆ ಕ್ಷಣದ ಒಂದಂಶ ಬೇಕಾಗುವುದರಿಂದ ಎರಡು ಕೋಣೆಗಳ ಧ್ವನಿ ಹಿಂದುಮುಂದಾಗಿ ಮಾರ್ದನಿಯಂತೆ ಕೇಳುವುದುಂಟು. ಇನ್ನು ಕೆಲವು ಯಂತ್ರಗಳು 60 ಗಿಗಾಹರ್ಟ್ಸಿನ, ಎಂದರೆ 5 ಮಿಲಿಮೀಟರಿನ, ಅಲೆಯನ್ನು ಬಳಸುತ್ತವೆ. ಅದು ಗೋಡೆಯನ್ನು ದಾಟದು, ಒಂದೇ ಕೋಣೆಗೆ ಸಾಕು. ಅಷ್ಟು ಚಿಕ್ಕ ಅಲೆಗಳನ್ನು 1890ರ ದಶಕದಲ್ಲಿಯೇ ಕಲ್ಕತ್ತೆಯಲ್ಲಿ ಜಗದೀಶಚಂದ್ರ ಬೋಸರು ಹುಟ್ಟಿಸಿ ಪರೀಕ್ಷಿಸಿದ್ದರೆಂಬುದು ಸ್ಮರಣೀಯ.

ಈಗ ನಾನು ಮುಖ್ಯವಾಗಿ ಹೇಳಬೇಕಾದುದಕ್ಕೆ ಬರುತ್ತೇನೆ. ಯಂತ್ರವನ್ನು ತಂದ ಒಂದು ವಾರಕ್ಕೆ, ನಮ್ಮ ಪ್ರೇಷಕವನ್ನು ಆರಿಸಿದ್ದ ವೇಳೆಯಲ್ಲಿ, ತಾಯಿಯವರು ನನ್ನನ್ನು ಕರೆದು 'ಇದು ಯಾರ ಮಗುವೋ ನೋಡು' ಎಂದರು. ಪರದೆಯ ಮೇಲೆ ಒಂದು ತೊಟ್ಟಿಲು. ಅದರಲ್ಲಿ ಮಲಗಿದ ಕೂಸು. ಸ್ವಲ್ಪ ಹೊತ್ತಿನಲ್ಲಿ ತಾಯಿಯೊಬ್ಬಳು ಬಂದು ಮಗುವನ್ನೆತ್ತಿಕೊಂಡಳು. ನಾನು ಕೂಡಲೇ ಗ್ರಾಹಕವನ್ನು ಆರಿಸಿದೆ. ನೆರೆಯವರು ಮಗುವಿನ ಮೇಲೆ ಕಣ್ಣಿಡಲೆಂದು ಇಂತಹುದೇ ನಿಸ್ತಂತು ಕ್ಯಾಮೆರವೊಂದನ್ನಿಟ್ಟಿದ್ದರು. ಅದೂ ನಮ್ಮದೂ ಒಂದೇ ಹಾದಿಯಲ್ಲಿದ್ದುವು. ಹಳೆಯ ಮಾದರಿಯ ಪ್ರೇಷಕಕ್ಕೆ ಬೀಗವಿಲ್ಲ. ಅದರಿಂದ ಹೊರಟುದನ್ನು ಅದೇ ಹಾದಿಯಲ್ಲಿರುವ ಯಾವ ಗ್ರಾಹಕವಾದರೂ ತೋರಿಸುತ್ತದೆ. ನಮ್ಮ ಕಾಂಪೌಂಡು ಗೋಡೆ ಎಲ್ಲಿದೆಯೆಂದು ಅಲೆಗೆ ಗೊತ್ತಿಲ್ಲ.

ಹೇಳುವುದೋ ಬಿಡುವುದೋ ಎಂದು ನಾನು ಒಂದು ಗಳಿಗೆ ಹಿಂಜರಿದೆ. ತಾಯಿಯವರು, 'ಹೋಗಿ ಹೇಳಿ ಬಾ. ನಮ್ಮ ಕಣ್ಣಿಗೆ ಬಿದ್ದದ್ದು ಇನ್ನಾರ ಕಣ್ಣಿಗೂ ಬೀಳಬಹುದಲ್ಲ' ಎಂದರು. ಹೋಗಿ ಹೇಳಿದೆ. ನೆರೆಮನೆಯ ಯಜಮಾನರ ಮುಖ ಬಿಳಿಚಿಕೊಂಡಿತು. ಹಾದಿಯನ್ನು ಬದಲಾಯಿಸಿದರೆ ಸಾಲದೆಂದೂ, ಅದು ಬೇರೊಬ್ಬರ ಮನೆಯ ಮುಂದೆ ಹೋಗಿ ನಿಂತಂತೆಯೇ ಸರಿಯೆಂದೂ ವಿವರಿಸಿದೆ. ಅವರು ಆ ಕ್ಯಾಮೆರವನ್ನು ತೆಗೆದು, ಸಂಕೇತವನ್ನು ಗೂಢಲಿಪಿಯಲ್ಲಿ ಕಳುಹಿಸುವ ಬೇರೆ ಯಂತ್ರವನ್ನು ತಂದರು. ಆದುದರಿಂದ ನನ್ನ ಬಿನ್ನಹವಿಷ್ಟು: ಬೀಗವಿಲ್ಲದ ಪ್ರೇಷಕದಲ್ಲಿ ಸಂಗೀತವನ್ನೋ ಆಟವನ್ನೋ ಕಳುಹಿಸಿರಿ, ಮಲಗುವ ಕೋಣೆಯ ಚಿತ್ರವನ್ನು ಎಂದಿಗೂ ಕಳುಹಿಸಬೇಡಿರಿ. ಉಪಯೋಗವಿಲ್ಲದಾಗ ಪ್ರೇಷಕವನ್ನು ಆರಿಸಿರಿ. ನಿಮ್ಮ ಪರದೆಯ ಮೇಲೆ ಅನ್ಯರ ಮನೆ ಕಾಣಿಸಿದರೆ ನೋಡುತ್ತ ಕೂರದೆ ಹೋಗಿ ತಿಳಿಸಿರಿ.

ಕಾನೂನಿನ ಆಶಯವೂ ಇದೇ. ನಮ್ಮ ದೇಶದಲ್ಲಿ 2005ನೆಯ ಇಸವಿಯ ಆಜ್ಞೆಯಂತೆ 2.4 ರಿಂದ 2.4835 ಗಿಗಾಹರ್ಟ್ಸಿನವರೆಗಿನ ಪಟ್ಟಿಯಲ್ಲಿ, ಗೊತ್ತಾದ ಶಕ್ತಿಮಿತಿಯೊಳಗೆ, ಅಂಗೀಕೃತ ಯಂತ್ರಗಳಿಗೆ ಪರವಾನಗಿ ಬೇಕಿಲ್ಲ. ಆದರೆ ಇತರರಿಗೆ ಅಡ್ಡಿ ಮಾಡಬಾರದು, ಇತರರಿಂದಾದ ಅಡ್ಡಿಯನ್ನು ಸಹಿಸಿಕೊಳ್ಳಬೇಕು, ಎಲ್ಲರೂ ಹಂಚಿಕೊಂಡು ಬಾಳಬೇಕು ಎಂಬುದು ಅದರ ನಿಬಂಧನೆ. ಬೀದಿಯ ನಲ್ಲಿಯ ನೀರಿಗೆ ಯಾವ ನ್ಯಾಯವೋ ಆಕಾಶದ ಅಲೆಗೂ ಅದೇ ನ್ಯಾಯ.

ತಾಯಿಯವರು ಈಗ ಕೋಲೂರಿ ಹಜಾರಕ್ಕೆ ಬರುತ್ತಾರೆ, ಪ್ರೇಷಕ ಕಪಾಟಿನೊಳಗಿದೆ. ಆ ಮಗು ಕೆಲವು ಸಂಜೆ ನಮ್ಮ ಮನೆಗೇ ಬಂದು ಅವರ ಪಕ್ಕದಲ್ಲಿ ಕುಳಿತು ಹಾಡು ಕೇಳುತ್ತದೆ.