ರೇಡಿಯೋ ಕೇಳಿದ ಮೇಲೆ ಉಳಿಯುವ ಕೆಲಸ



ಸಂಜೆ ಜಗಲಿಯಲ್ಲಿ ಕುಳಿತು ಆಕಾಶವಾಣಿಯ ಕೃಷಿ ಕಾರ್ಯಕ್ರಮ ಕೇಳುತ್ತೀರಿ. ಬೀಜೋಪಚಾರದ ಮಾತು ಬರುತ್ತದೆ, ಗೊಬ್ಬರದ ಲೆಕ್ಕ ಬರುತ್ತದೆ. 'ಒಳ್ಳೆಯ ಮಾತು ಹೇಳಿದರು' ಎಂದು ತಲೆದೂಗಿ ಊಟಕ್ಕೆ ಏಳುತ್ತೀರಿ. ಮರುದಿನ ಹೊಲದಲ್ಲಿ ಆ ಲೆಕ್ಕ ನೆನಪಿರುತ್ತದೆಯೆ? ಬಹಳ ಮಂದಿಗೆ ಇರುವುದಿಲ್ಲ. ಒಬ್ಬೊಬ್ಬರೇ ಕೇಳಿ ಸುಮ್ಮನಾದರೆ ಹೀಗೆಯೇ ಆಗುವುದು.

ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. 1956ರಲ್ಲಿ ಆಗಿನ ಮುಂಬಯಿ ರಾಜ್ಯದ ಐದು ಮರಾಠಿ ಜಿಲ್ಲೆಗಳಲ್ಲಿ ಪುಣೆಯ ರೇಡಿಯೋ ಕೇಂದ್ರವು ಯುನೆಸ್ಕೋದ ನೆರವಿನಿಂದ ಸುಮಾರು 150 ಹಳ್ಳಿಗಳಲ್ಲಿ ಕೇಳುಗರ ಕೂಟಗಳನ್ನು ಕಟ್ಟಿಸಿತು. (ಆ ವರ್ಷದ ನವೆಂಬರಿನವರೆಗೆ ನಮ್ಮ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರದ ಸೀಮೆಯೂ ಅದೇ ರಾಜ್ಯದಲ್ಲಿತ್ತು.) ಕೆನಡಾ ದೇಶದ ರೈತರು 1941ರಿಂದ ನೆರೆಮನೆಗಳಲ್ಲಿ ಕೂಡಿ ರೇಡಿಯೋ ಕೇಳಿ ಚರ್ಚಿಸುತ್ತಿದ್ದ ಪದ್ಧತಿಯೇ ಇದಕ್ಕೆ ಮಾದರಿ. ಹತ್ತು ವಾರ, ವಾರಕ್ಕೆ ಎರಡು ಸಂಜೆ, ಅರ್ಧ ಗಂಟೆಯ ಕಾರ್ಯಕ್ರಮ, ಒಟ್ಟು 20. ಕೇಳಿದ ಮೇಲೆ ಕೂಟದವರು ಅಲ್ಲೇ ಕುಳಿತು ಮಾತನಾಡುತ್ತಿದ್ದರು, ಸಂದೇಹಗಳನ್ನು ಬರೆದು ಕೇಂದ್ರಕ್ಕೆ ಕಳುಹಿಸುತ್ತಿದ್ದರು. ಉತ್ತರ ಮುಂದಿನ ಕಾರ್ಯಕ್ರಮಗಳಲ್ಲಿ ಬರುತ್ತಿತ್ತು.

ಮುಂಬಯಿಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯವರು ಇದರ ಫಲವನ್ನು ಅಳೆದರು. ಕೂಟವಿದ್ದ ಹಳ್ಳಿಗಳನ್ನೂ, ರೇಡಿಯೋ ಇದ್ದು ಕೂಟವಿಲ್ಲದ ಹಳ್ಳಿಗಳನ್ನೂ, ಎರಡೂ ಇಲ್ಲದ ಹಳ್ಳಿಗಳನ್ನೂ ಹೋಲಿಸಿ ನೋಡಿದರು. ಕೂಟವಿದ್ದ ಕಡೆ ಜನರ ತಿಳಿವಳಿಕೆ ಬಹಳ ಹೆಚ್ಚಿತ್ತು. ರೇಡಿಯೋ ಮಾತ್ರ ಇದ್ದ ಕಡೆ ಹೆಚ್ಚಿದ್ದು ಅತ್ಯಲ್ಪ. ಪೆಟ್ಟಿಗೆ ಅದೇ, ಮಾತೂ ಅದೇ!

ಕಾರಣ ಕಷ್ಟದ್ದಲ್ಲ. ಕಾಂಪೋಸ್ಟ್ ಗುಂಡಿ ತೋಡಿರೆಂದು ರೇಡಿಯೋ ಎಲ್ಲ ಊರಿಗೂ ಒಂದೇ ಮಾತು ಹೇಳುತ್ತದೆ. ಕೂಟದಲ್ಲಿ ಒಬ್ಬರು, 'ಬೇಸಿಗೆಯಲ್ಲಿ ಅದಕ್ಕೆ ನೀರೆಲ್ಲಿಂದ ತರೋಣ?' ಎನ್ನುತ್ತಾರೆ. 'ಬಚ್ಚಲ ನೀರು ತಿರುಗಿಸಪ್ಪ' ಎಂದು ಪಕ್ಕದ ಹಿರಿಯರು ಹೇಳುತ್ತಾರೆ. 'ಮಳೆಗಾಲದಲ್ಲಿ ಗುಂಡಿ ತುಂಬಿ ನಿಂತರೆ?' ಎಂದು ಮತ್ತೊಬ್ಬರು. ಎತ್ತರದ ಜಾಗ ಯಾವುದೆಂದು ನಿಮ್ಮ ಊರಿನವರಿಗಲ್ಲದೆ ರೇಡಿಯೋದವರಿಗೆ ಹೇಗೆ ಗೊತ್ತಾಗಬೇಕು? ಇಷ್ಟು ಜಗ್ಗಾಡಿದ ಮಾತು ಬೇಗ ಮರೆಯುವುದಿಲ್ಲ. ನಾಲ್ಕು ಜನರ ಮುಂದೆ 'ನಾನು ತೋಡುತ್ತೇನೆ' ಎಂದವರಿಗೆ ಹಿಂದೆಗೆಯುವುದೂ ಸುಲಭವಲ್ಲ.

1959ರಲ್ಲಿ ಈ ಪದ್ಧತಿಯನ್ನು ದೇಶದಲ್ಲೆಲ್ಲ ಹರಡಲು ಹೊರಟರು. ಬರುಬರುತ್ತ ಕೂಟಗಳು ಕಳೆಗುಂದಿದವು. ಪದ್ಧತಿ ಕೆಟ್ಟದ್ದೆಂದು ನನಗನಿಸುವುದಿಲ್ಲ. ಪೆಟ್ಟಿಗೆ ಕೊಡುವುದು ಸುಲಭ, ಮಾತನಾಡಲು ಕೂಡಿಸುವುದು ಕಷ್ಟ.

ಈಗ ಮೊಬೈಲಿನಲ್ಲೂ ರೇಡಿಯೋ ಸಿಗುತ್ತದೆ. ಹದಿನೈದು ಇಪ್ಪತ್ತು ಜನ ಸಾಕು. ಹೆಂಗಸರನ್ನೂ ಕರೆಯಿರಿ, ಮನೆಯಲ್ಲಿ ಬೀಜ ಕಾಯುವವರು, ದನಕ್ಕೆ ಮೇವು ಹಾಕುವವರು ಅವರೇ. ಕೂಟ ನಡೆಸುವವರು ಊರಿನ ದೊಡ್ಡವರೇ ಆಗಬೇಕಿಲ್ಲ, ಸುಮ್ಮನಿರುವವರನ್ನು ಮಾತನಾಡಿಸಬಲ್ಲವರಾದರೆ ಸರಿ. ಕಾರ್ಯಕ್ರಮ ಮುಗಿದೊಡನೆ ರೇಡಿಯೋ ಆರಿಸಿ ಎರಡೇ ಪ್ರಶ್ನೆ ಕೇಳಿಕೊಳ್ಳಿ: ಇದು ನಮ್ಮ ನೆಲಕ್ಕೆ ಹೊಂದುತ್ತದೆಯೆ? ಮೊದಲು ಮಾಡಿ ನೋಡುವವರು ಯಾರು? ಎರಡು ಗುಂಟೆಯಲ್ಲಿ ಮಾಡಿದರೂ ಆದೀತು. ತಿಳಿಯದ್ದನ್ನು ಕಾಗದದಲ್ಲಿ ಬರೆದು ಆಕಾಶವಾಣಿಗೆ ಕಳುಹಿಸಿ. ಮುಂದಿನ ವಾರ ಕೂಡಿದಾಗ ರೇಡಿಯೋ ಹಚ್ಚುವ ಮೊದಲು, ಒಪ್ಪಿಕೊಂಡವರ ಗುಂಡಿ ಎಷ್ಟು ಆಳ ಆಯಿತೆಂದು ಕೇಳಿ.