ತಾಳಿ ಕಟ್ಟುವಾಗ ಕೈಕೊಡುವ ಲೆನ್ಸ್

ಶಿವಮೊಗ್ಗ: ಮದುವೆ ಮುಗಿದು ತಿಂಗಳಾಯಿತು. ಆಲ್ಬಂ ಮನೆಗೆ ಬಂತು. ಹೆಣ್ಣಿನ ಅಪ್ಪ ಕನ್ನಡಕ ಏರಿಸಿಕೊಂಡು ಒಂದೊಂದೇ ಪುಟ ತಿರುಗಿಸುತ್ತಾರೆ. ತಾಳಿ ಕಟ್ಟುವ ಪುಟ ಬಂದಾಗ ಮುಖ ಸಪ್ಪಗಾಗುತ್ತದೆ. ಗಂಡಿನ ಕೈ ಎಲ್ಲಿ, ತಾಳಿ ಎಲ್ಲಿ, ಒಂದೂ ತಿಳಿಯದು. ಎಲ್ಲಾ ಕಲಸುಮೇಲೋಗರ.

"ಏನಪ್ಪಾ ಇದು?" ಎಂದು ಸ್ಟುಡಿಯೋದವನನ್ನು ಕೇಳಿದರೆ, "ಛತ್ರದಲ್ಲಿ ಲೈಟ್ ಸಾಲ್ದಾಗಿತ್ತು ಯಜಮಾನ್ರೇ" ಎಂಬ ಉತ್ತರ ರೆಡಿ. ಸರಿ, ತಾಳಿಯನ್ನು ಇನ್ನೊಂದು ಸಲ ಕಟ್ಟಿಸಲಾದೀತೇ ಸ್ವಾಮಿ?

ಇಂಥ ಜಗಳ ಯಾವ ಊರಿಗೂ ಹೊಸದಲ್ಲ. ಅಡ್ವಾನ್ಸ್ ಕೊಡುವಾಗ ಜನ ಕೇಳುವುದು "ಎಷ್ಟು ಮೆಗಾಪಿಕ್ಸೆಲ್?" ಎಂಬ ಒಂದೇ ಪ್ರಶ್ನೆ. 24 ಮೆಗಾಪಿಕ್ಸೆಲ್ ಇದ್ದರೆ 12x18 ಇಂಚಿನ ಪ್ರಿಂಟಿಗೆ ಧಾರಾಳ. ಕೇಳಬೇಕಾದದ್ದು ಬೇರೆ. ಮುಂದೆ ಹಾಕಿರುವ ಲೆನ್ಸ್ ಯಾವುದಪ್ಪಾ?

ಕ್ಯಾಮೆರಾ ಡಬ್ಬಿಯೊಳಗೇ ಸಾಮಾನ್ಯವಾಗಿ 18-55 ಎಂಬ ಲೆನ್ಸ್ ಬರುತ್ತದೆ. ಬೆಳಕಿದ್ದರೆ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ 55ಕ್ಕೆ ಎಳೆದಾಗ ಅದರ ಬಾಯಿ ತೆರೆಯುವುದು ಎಫ್ 5.6ರವರೆಗೆ ಮಾತ್ರ. ಅದೇ 50 ಎಂ.ಎಂ.ನ ಎಫ್ 1.8 ಲೆನ್ಸ್ ಹೆಚ್ಚುಕಮ್ಮಿ ಹತ್ತು ಪಟ್ಟು ಬೆಳಕು ಒಳಗೆ ಬಿಡುತ್ತದೆ. ಎಫ್ ನಂಬರ್ ಕಮ್ಮಿಯಾದಷ್ಟೂ ಬಾಯಿ ದೊಡ್ಡದು. ಉಲ್ಟಾ ಲೆಕ್ಕ! ಮೊದಲನೆಯದು ಅಡುಗೆಮನೆ ಕಿಂಡಿ, ಎರಡನೆಯದು ಹೆಬ್ಬಾಗಿಲು ಅಂದುಕೊಳ್ಳಿ. ಕಿಂಡಿಯಲ್ಲಿ ಸೆಕೆಂಡಿನ 15ನೇ ಒಂದು ಪಾಲು ಹೊತ್ತು ಬೆಳಕು ಬೇಕಿದ್ದರೆ, ಹೆಬ್ಬಾಗಿಲಲ್ಲಿ 125ನೇ ಒಂದು ಪಾಲು ಸಾಕು. ಅಷ್ಟರೊಳಗೆ ಗಂಡಿನ ಕೈ ಎಷ್ಟು ಅಲ್ಲಾಡೀತು?

ಹಾಗಂತ ಪೂರ್ತಿ ಬಾಯಿ ತೆರೆದೇ ಹೊಡೆದರೆ ಇನ್ನೊಂದು ಪಜೀತಿ. ಹೆಣ್ಣಿನ ಕಣ್ಣು ಸ್ಪಷ್ಟ, ಹಿಂದೆ ಬಗ್ಗಿದ ಗಂಡು ಮಸುಕು. ಇಬ್ಬರೂ ಬೇಕೆಂದರೆ 2.8ಕ್ಕೋ 4ಕ್ಕೋ ಇಳಿಸಬೇಕು. ಗ್ರೂಪ್ ಫೋಟೋಗೆ ಮತ್ತೆ ಹಳೇ 18-55 ಬೇಕೇ ಬೇಕು. ಆದರೆ ಹತ್ತಿರ ನಿಂತು 18ರಲ್ಲಿ ಹೊಡೆದರೆ ಸಾಲಿನ ತುದಿಯ ಸೋದರಮಾವ ಅಡ್ಡಡ್ಡ ಹಿಗ್ಗಿ ದಪ್ಪಗಾಗುತ್ತಾರೆ! ನಾಲ್ಕು ಹೆಜ್ಜೆ ಹಿಂದೆ ಹೋದರೆ ಈ ರಗಳೆ ಕಮ್ಮಿ.

ಹೊಸದಾಗಿ ಕಸುಬಿಗೆ ಇಳಿದ ಹುಡುಗರು ಸೆಕೆಂಡ್ ಹ್ಯಾಂಡ್ ಲೆನ್ಸ್‌ಗೆ ಕೈಹಾಕುವಾಗ ಎಚ್ಚರ. ನಿಕಾನ್‌ನ ಹಳೇ 50 ಎಂ.ಎಂ. 'ಡಿ' ಲೆನ್ಸಿನೊಳಗೆ ಫೋಕಸ್ ಮೋಟರ್ ಇಲ್ಲ. ಡಿ3400, ಡಿ5600ನಂಥ ಸಣ್ಣ ಬಾಡಿಯೊಳಗೂ ಇಲ್ಲ. ಎರಡೂ ಸೇರಿದರೆ ಮುಹೂರ್ತದ ಹೊತ್ತಲ್ಲಿ ಕೈಯಲ್ಲೇ ತಿರುಗಿಸುತ್ತಾ ಕೂರಬೇಕು. ಅಂಥ ಬಾಡಿಗೆ ಎಎಫ್-ಎಸ್ ಎಂದು ಬರೆದಿರುವುದನ್ನು ನೋಡಿ ಕೊಳ್ಳಬೇಕು.

ಇನ್ನು ನಮ್ಮ ಮಲೆನಾಡಿನ ಖಾಸಾ ಶತ್ರು, ಫಂಗಸ್. ಬೇರೇನಲ್ಲ, ಮಳೆಗಾಲದಲ್ಲಿ ಚಪ್ಪಲಿಗೆ, ಬೆಲ್ಟಿಗೆ ಹಿಡಿಯುತ್ತದಲ್ಲಾ, ಅದೇ ಬೂಷ್ಟು. ತೀರ್ಥಹಳ್ಳಿ, ಆಗುಂಬೆ ಕಡೆ ಜೂನ್‌ನಲ್ಲಿ ಮಳೆ ಹಿಡಿದರೆ ಮನೆಯೊಳಗಿನ ಗೋಡೆಯೂ ಒದ್ದೆ. ಆ ತೇವದಲ್ಲಿ ಲೆನ್ಸನ್ನು ಚರ್ಮದ ಚೀಲಕ್ಕೆ ಹಾಕಿ ಬೀರುವಿನಲ್ಲಿ ಬೀಗ ಹಾಕಿಟ್ಟರೆ ಮುಗಿಯಿತು. ಜೋಪಾನ ಮಾಡಿದೆವು ಅಂದುಕೊಂಡದ್ದೇ ಯಮ. ಗಾಜಿನ ಮೇಲೆ ಜೇಡರ ಬಲೆಯಂತೆ ಬಿಳೀ ಎಳೆ ಹಬ್ಬುತ್ತದೆ. ಮೊದಮೊದಲು ಫೋಟೋದಲ್ಲಿ ಗೊತ್ತಾಗುವುದಿಲ್ಲ. ಆಮೇಲೆ ದೀಪದ ಎದುರು ಹೊಡೆದದ್ದೆಲ್ಲ ಮಂಜು ಮಂಜು. ಬಹಳ ದಿನ ಬಿಟ್ಟರೆ ಗಾಜಿನ ಲೇಪವನ್ನೇ ತಿನ್ನುತ್ತದೆ. ಆಗ ಬಿಚ್ಚಿ ಒರೆಸಿದರೂ ಕಲೆ ಹೋಗುವುದಿಲ್ಲ.

ಉಪಾಯ ದುಬಾರಿಯದ್ದಲ್ಲ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ನೀಲಿ ಸಿಲಿಕಾ ಜೆಲ್. ನೀಲಿ ಹೋಗಿ ಗುಲಾಬಿಯಾದರೆ ತೇವ ಕುಡಿದಿದೆ ಎಂದರ್ಥ. ಅಡುಗೆಮನೆಯಿಂದ ದೂರ ಬಿಸಿಮಾಡಿದರೆ ಮತ್ತೆ ನೀಲಿ. ಲೆನ್ಸ್ ವಾರಕ್ಕೊಮ್ಮೆ ಹೊರಗೆ ಬಂದು ಕೆಲಸ ಮಾಡಬೇಕು. ಹಳೇ ಲೆನ್ಸ್ ಕೊಳ್ಳುವವರು ಒಂದು ಕಡೆಯಿಂದ ಟಾರ್ಚ್ ಬಿಟ್ಟು ಇನ್ನೊಂದು ಕಡೆಯಿಂದ ನೋಡಲಿ. ಬಲೆ ಕಂಡರೆ ಎಷ್ಟೇ ಅಗ್ಗವಾದರೂ ವಾಪಸ್ ಕೊಟ್ಟು ನಡೆಯಲಿ.

ಛತ್ರದ ಎಲ್‌ಇಡಿ ದೀಪಗಳದ್ದು ಇನ್ನೊಂದು ತಕರಾರು. ಫೋಟೋದ ಮೇಲೆ ಕಪ್ಪು ಪಟ್ಟೆ ಬಿದ್ದರೆ ಲೆನ್ಸನ್ನು ಬೈಯಬೇಡಿ. ನಮ್ಮ ಕರೆಂಟು 50 ಸೈಕಲ್‌ನದ್ದು. ಸಾಧಾರಣ ದೀಪವಾದರೆ ಶಟರ್ 50ಕ್ಕೋ 100ಕ್ಕೋ ಇಟ್ಟರೆ ಪಟ್ಟೆ ಮಾಯ. ಸೀರೆ ಬಣ್ಣ ಕೆಟ್ಟರೆ ವೈಟ್ ಬ್ಯಾಲೆನ್ಸ್ ನೋಡಬೇಕು. ರಾ ಫೈಲ್‌ನಲ್ಲಿ ಹೊಡೆದಿದ್ದರೆ ಆಮೇಲೂ ತಿದ್ದಬಹುದು.

ಕಡೆಗೆ ಕಾರ್ಡ್. ಕೈತಪ್ಪಿ ಡಿಲೀಟ್ ಆಯಿತೇ? ಗಾಬರಿ ಬೇಡ, ಆದರೆ ಕ್ಯಾಮೆರಾ ಅಲ್ಲೇ ಆಫ್ ಮಾಡಿ ಕಾರ್ಡ್ ತೆಗೆದು ಜೇಬಿಗಿಡಬೇಕು. ಅಳಿಸಿದ ಫೋಟೋಗಳನ್ನು ಕಂಪ್ಯೂಟರಿನಲ್ಲಿ ಹೆಕ್ಕಿ ತೆಗೆಯುವ ಸಾಧ್ಯತೆ ಇರುತ್ತದೆ. ಅದೇ ಕಾರ್ಡಿನಲ್ಲಿ ಮುಂದುವರಿಸಿದರೆ ಹಳೆಯದರ ಜಾಗಕ್ಕೆ ಹೊಸದು ಬಂದು ಕೂರುತ್ತದೆ. ತಾಳಿಯ ಮೇಲೆ ಊಟದ ಪಂಕ್ತಿ ಕೂತುಬಿಟ್ಟರೆ ಆ ಬ್ರಹ್ಮನೂ ಎಬ್ಬಿಸಲಾರ.